ವೇಗದ ಮಿರರ್ ಸಾಲದು, ತಾಜಾ ಮಿರರ್ ಬೇಕು

[ಪರದೆ: ಟರ್ಮಿನಲ್. ಅಪ್‌ಡೇಟ್ ಕಮಾಂಡ್ ಓಡುತ್ತದೆ. ಕೊನೆಯ ಸಾಲು: "ದೇರ್ ಈಸ್ ನಥಿಂಗ್ ಟು ಡು"]

ನಮಸ್ಕಾರ. ಲಿನಕ್ಸ್‌ನಲ್ಲಿ ಅಪ್‌ಡೇಟ್ ಕೊಟ್ಟರೆ "ಮಾಡಲು ಏನೂ ಇಲ್ಲ" ಎಂಬ ಉತ್ತರ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಆದರೆ ಬ್ರೌಸರ್‌ನ ಹೊಸ ಆವೃತ್ತಿ ಎಲ್ಲರಿಗೂ ಸಿಕ್ಕಿ ಒಂದು ವಾರವಾಗಿದೆ, ನಿಮ್ಮಲ್ಲಿ ಮಾತ್ರ ಹಳೆಯದೇ ಕೂತಿದೆ. ಹೀಗಾದಾಗ ಮೊದಲು ನೋಡಬೇಕಾದ್ದು ಮಿರರ್ ಪಟ್ಟಿಯನ್ನು. ಇವತ್ತು ಹೆಚ್ಚಾಗಿ ಆರ್ಚ್ ಲಿನಕ್ಸ್ ಇಟ್ಟುಕೊಂಡು ಹೇಳುತ್ತೇವೆ, ಏಕೆಂದರೆ ಅಲ್ಲಿ ಈ ಪಟ್ಟಿಯ ಜವಾಬ್ದಾರಿ ಪೂರ್ತಿ ನಿಮ್ಮದೇ. ಉಬುಂಟು, ಡೆಬಿಯನ್, ಫೆಡೋರಾ ಬಳಸುವವರಿಗೂ ಕೊನೆಯಲ್ಲಿ ವಿಷಯವಿದೆ.

ಪ್ಯಾಕೇಜುಗಳ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಸಾಫ್ಟ್‌ವೇರ್ ಫೈಲ್‌ಗಳ) ಪೂರ್ತಿ ನಕಲು ಇಟ್ಟುಕೊಂಡಿರುವ ಸರ್ವರೇ ಮಿರರ್. ಆರ್ಚ್‌ನಲ್ಲಿ ಟಯರ್ 1 ಮಿರರ್‌ಗಳು ಮೂಲದಿಂದ ನಕಲು ಪಡೆಯುತ್ತವೆ, ಟಯರ್ 2 ಮಿರರ್‌ಗಳು ಟಯರ್ 1ರಿಂದ. ನಡುವೆ ಎಲ್ಲೋ ಡಿಸ್ಕ್ ತುಂಬಿದರೆ ಅಥವಾ ಸಿಂಕ್ (ನಕಲನ್ನು ಮೂಲಕ್ಕೆ ಸರಿಹೊಂದಿಸುವ) ಕೆಲಸ ನಿಂತುಹೋದರೆ ಅಲ್ಲಿಂದ ಕೆಳಗೆ ಹಳೆಯ ನಕಲೇ ಹರಿಯುತ್ತದೆ. ಸರ್ವರ್ ಮಾತ್ರ ಏನೂ ಆಗಿಲ್ಲವೆಂಬಂತೆ ಉತ್ತರ ಕೊಡುತ್ತಲೇ ಇರುತ್ತದೆ, ಅದೂ ಒಳ್ಳೆಯ ವೇಗದಲ್ಲಿ.

ಪ್ಯಾಕೇಜುಗಳಿಗೆ ಡಿಜಿಟಲ್ ಸಹಿ ಇದೆಯಲ್ಲ ಎಂದು ಕೇಳಬಹುದು. ಯಾರಾದರೂ ಫೈಲ್ ತಿದ್ದಿದ್ದರೆ ಸಹಿ ಹಿಡಿದುಕೊಡುತ್ತದೆ, ನಿಜ. ಆದರೆ ಹೋದ ತಿಂಗಳ ಪ್ಯಾಕೇಜಿನ ಮೇಲಿರುವುದೂ ಅಸಲಿ ಸಹಿಯೇ. ಭದ್ರತಾ ಲೋಪ ಮುಚ್ಚುವ ಅಪ್‌ಡೇಟ್ ನಿಮ್ಮನ್ನು ಮುಟ್ಟಲೇ ಇಲ್ಲ ಎಂಬುದನ್ನು ಸಹಿ ಹೇಳಲಾರದು. ಹಾಗಾಗಿ ಮಿರರ್ ಆರಿಸುವಾಗ ಮೊದಲು ತಾಜಾತನ ನೋಡಿ, ವೇಗ ಆಮೇಲೆ.

[ಪರದೆ: /ಇಟಿಸಿ/ಪ್ಯಾಕ್‌ಮನ್.ಡಿ/ಮಿರರ್‌ಲಿಸ್ಟ್ ಫೈಲ್ ತೆರೆದಿದೆ]

ಪಟ್ಟಿ ಇರುವುದು ಈ ಫೈಲ್‌ನಲ್ಲಿ. ಪ್ಯಾಕ್‌ಮನ್ (ಆರ್ಚ್‌ನ ಪ್ಯಾಕೇಜ್ ಸಾಧನ) ಇದನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲ ಸರ್ವರ್ ಕೈಕೊಟ್ಟರೆ ಮಾತ್ರ ಎರಡನೆಯದಕ್ಕೆ ಹೋಗುತ್ತದೆ. ಮೊದಲನೆಯದು ಹಳಸಿದ್ದರೂ ಉತ್ತರ ಕೊಡುತ್ತಿದ್ದರೆ ಅಲ್ಲೇ ನಿಲ್ಲುತ್ತದೆ. ಮೌನವಾಗಿ ಹಿಂದುಳಿಯುವುದಕ್ಕೆ ಇದೇ ಕಾರಣ.

ಮಿರರ್ ತಾಜಾ ಇದೆಯೇ ಎಂದು ಪರೀಕ್ಷಿಸುವುದು ಸುಲಭ. ಮೊದಲ ಸಾಲಿನ ವಿಳಾಸದಲ್ಲಿ ಡಾಲರ್ ಚಿಹ್ನೆಗೆ ಮುಂಚಿನ ಭಾಗವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲಿ ಲಾಸ್ಟ್‌ಸಿಂಕ್ ಎಂಬ ಪುಟ್ಟ ಫೈಲ್ ಇರುತ್ತದೆ. ಅದರೊಳಗೆ ಒಂದೇ ಒಂದು ದೊಡ್ಡ ಸಂಖ್ಯೆ: 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಟರ್ಮಿನಲ್‌ನಲ್ಲಿ ಡೇಟ್ ಕಮಾಂಡಿಗೆ ಹೈಫನ್ ಡಿ ಕೊಟ್ಟು, ಆ್ಯಟ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಆ ಸಂಖ್ಯೆ ಬರೆದರೆ ಕೊನೆಯ ಸಿಂಕ್‌ನ ದಿನಾಂಕ, ಸಮಯ ಎರಡೂ ಸಿಗುತ್ತವೆ. ಕೆಲವು ಗಂಟೆ ಹಿಂದಿದ್ದರೆ ಚಿಂತೆಯಿಲ್ಲ. ದಿನಗಟ್ಟಲೆ ಹಿಂದಿದ್ದರೆ ಆ ಸಾಲನ್ನು ತೆಗೆದುಬಿಡಿ.

ಈ ಕೆಲಸವನ್ನು ಪ್ರತಿ ಸಲ ಕೈಯಲ್ಲೇ ಮಾಡುವುದು ಆಗದ ಮಾತು. ಅದಕ್ಕೆಂದೇ ರಿಫ್ಲೆಕ್ಟರ್ ಎಂಬ ಪ್ಯಾಕೇಜ್ ಇದೆ. ಇನ್‌ಸ್ಟಾಲ್ ಮಾಡಿ, ಈಗಿರುವ ಮಿರರ್‌ಲಿಸ್ಟ್‌ನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ರಿಫ್ಲೆಕ್ಟರ್ ಹಳೆಯ ಫೈಲ್‌ನ ಮೇಲೆಯೇ ಬರೆಯುತ್ತದೆ, ಕೇಳುವುದಿಲ್ಲ.

[ಪರದೆ: ಸುಡೋ ರಿಫ್ಲೆಕ್ಟರ್ --ಪ್ರೋಟೋಕಾಲ್ ಎಚ್‌ಟಿಟಿಪಿಎಸ್ --ಏಜ್ 12 --ಲೇಟೆಸ್ಟ್ 20 --ಸಾರ್ಟ್ ರೇಟ್ --ನಂಬರ್ 6 --ಸೇವ್ /ಇಟಿಸಿ/ಪ್ಯಾಕ್‌ಮನ್.ಡಿ/ಮಿರರ್‌ಲಿಸ್ಟ್]

ಏಜ್ 12 ಎಂದರೆ ಕಳೆದ 12 ಗಂಟೆಯೊಳಗೆ ಸಿಂಕ್ ಆದವು ಮಾತ್ರ. ಅವುಗಳಲ್ಲಿ ತೀರಾ ಈಚಿನ 20 ಆರಿಸಿ, ವೇಗ ಅಳೆದು, ಕೊನೆಗೆ 6 ಉಳಿಸಿಕೊಳ್ಳುತ್ತದೆ. ಲೇಟೆಸ್ಟ್ ಬಿಟ್ಟು ಬರೇ ರೇಟ್ ಕೊಡಬೇಡಿ. ವೇಗ ಅಳೆಯಲು ಅದು ಪ್ರತಿ ಸರ್ವರ್‌ನಿಂದಲೂ ನಿಜವಾಗಿ ಫೈಲ್ ಇಳಿಸಿಕೊಳ್ಳುತ್ತದೆ, ಜಗತ್ತಿನ ಎಲ್ಲ ಮಿರರ್‌ಗಳನ್ನೂ ತಟ್ಟುತ್ತಾ ಕೂರುತ್ತದೆ. ಪಟ್ಟಿಯಲ್ಲಿ ಒಂದೇ ಸರ್ವರ್ ಇಡುವುದೂ ಬೇಡ. ಅದು ಮಲಗಿದ ದಿನ ನಿಮ್ಮ ಅಪ್‌ಡೇಟ್ ಕೂಡ ಮಲಗುತ್ತದೆ.

ಪಟ್ಟಿ ಬದಲಾದ ಮೇಲಿನ ಹೆಜ್ಜೆಯನ್ನೇ ಬಹಳ ಮಂದಿ ಬಿಡುತ್ತಾರೆ.

[ಪರದೆ: ಸುಡೋ ಪ್ಯಾಕ್‌ಮನ್ -ಎಸ್‌ವೈವೈಯು]

ಎಸ್ ದೊಡ್ಡಕ್ಷರ, ಉಳಿದವು ಚಿಕ್ಕವು, ವೈ ಎರಡು ಸಲ. ಒಂದೇ ವೈ ಕೊಟ್ಟರೆ ಪ್ಯಾಕ್‌ಮನ್ "ನನ್ನಲ್ಲಿರುವ ಡೇಟಾಬೇಸ್‌ಗಿಂತ (ಪ್ಯಾಕೇಜುಗಳ ಪಟ್ಟಿಗಿಂತ) ಹೊಸದು ಇದೆಯೇ" ಎಂದಷ್ಟೇ ಕೇಳುತ್ತದೆ. ಎರಡು ಕೊಟ್ಟರೆ ಕೇಳದೆಯೇ ಹೊಸ ಮಿರರ್‌ನ ಡೇಟಾಬೇಸ್ ತರುತ್ತದೆ. ಆಗ "ಲೋಕಲ್ ಈಸ್ ನ್ಯೂಯರ್" ಎಂಬ ಎಚ್ಚರಿಕೆ ಸಾಲುಸಾಲಾಗಿ ಬಂದರೆ, ನೀವು ಈಗ ಆರಿಸಿದ ಮಿರರ್ ಹಿಂದಿನದಕ್ಕಿಂತಲೂ ಹಳೆಯದು ಎಂದರ್ಥ. ಅಲ್ಲೇ ನಿಲ್ಲಿಸಿ, ಬೇರೆ ಮಿರರ್ ಆರಿಸಿ. ದಿನನಿತ್ಯದ ಅಪ್‌ಡೇಟ್‌ಗೆ ಒಂದೇ ವೈ ಸಾಕು. ಎರಡು ಕೊಡುವುದನ್ನು ರೂಢಿ ಮಾಡಿಕೊಂಡರೆ ಜನರು ಪುಕ್ಕಟೆಯಾಗಿ ನಡೆಸುವ ಸರ್ವರ್‌ಗಳ ಮೇಲೆ ಸುಮ್ಮನೆ ಭಾರ.

ಇನ್ನೊಂದು ಎರರ್, 404, ಅಂದರೆ ಕೇಳಿದ ಫೈಲ್ ಸಿಗಲಿಲ್ಲ. ಮಿರರ್‌ಗಳು ಹಳೆಯ ಆವೃತ್ತಿಯ ಫೈಲ್ ಇಟ್ಟುಕೊಳ್ಳುವುದಿಲ್ಲ. ನಿಮ್ಮ ಡೇಟಾಬೇಸ್ ಹಳೆಯದಾಗಿದ್ದರೆ, ಅದು ಹೇಳುವ ಫೈಲ್ ಅಲ್ಲಿ ಇರುವುದಿಲ್ಲ. ಇದಕ್ಕೆ ಎಸ್‌ವೈ ಎಂದಷ್ಟೇ ಕೊಟ್ಟು ಬೇಕಾದ ಒಂದೇ ಪ್ಯಾಕೇಜ್ ಹಾಕಿಕೊಳ್ಳುವುದು ಪರಿಹಾರವಲ್ಲ. ಹೊಸ ಲೈಬ್ರರಿ, ಹಳೆಯ ಪ್ರೋಗ್ರಾಂ ಒಟ್ಟಿಗೆ ಸೇರಿ ಸಿಸ್ಟಮ್ ಕೆಡುತ್ತದೆ. ಇಂಥ ಅರ್ಧ ಅಪ್‌ಡೇಟ್‌ಗೆ ಆರ್ಚ್‌ನಲ್ಲಿ ಬೆಂಬಲವೇ ಇಲ್ಲ. ಯು ಸೇರಿಸಿ ಪೂರ್ತಿ ಅಪ್‌ಡೇಟ್ ಮಾಡಿ.

ಆಗಾಗ ಮಿರರ್‌ಲಿಸ್ಟ್.ಪ್ಯಾಕ್‌ನ್ಯೂ ಎಂಬ ಫೈಲ್ ಕಾಣಿಸಿಕೊಳ್ಳುತ್ತದೆ. ಅದನ್ನು ಹಾಗೆಯೇ ಮೂಲ ಫೈಲ್‌ನ ಜಾಗಕ್ಕೆ ಹಾಕಬೇಡಿ. ಅದರಲ್ಲಿ ಎಲ್ಲ ಸರ್ವರ್ ಸಾಲುಗಳ ಮುಂದೆಯೂ ಹ್ಯಾಶ್ ಚಿಹ್ನೆ (ಈ ಸಾಲನ್ನು ಲೆಕ್ಕಿಸಬೇಡ ಎಂಬ ಗುರುತು) ಇರುವುದರಿಂದ "ನೋ ಸರ್ವರ್ಸ್ ಕಾನ್ಫಿಗರ್ಡ್" ಎಂದು ಪ್ಯಾಕ್‌ಮನ್ ಕೈಚೆಲ್ಲುತ್ತದೆ.

ರಿಫ್ಲೆಕ್ಟರ್ ತಾನಾಗಿ ಓಡಬೇಕಾದರೆ ಅದರ ಟೈಮರ್ ಎನೇಬಲ್ ಮಾಡಿ. ವಾರಕ್ಕೊಮ್ಮೆ ಓಡುತ್ತದೆ. ಆಯ್ಕೆಗಳನ್ನು /ಇಟಿಸಿ/ಎಕ್ಸ್‌ಡಿಜಿ/ರಿಫ್ಲೆಕ್ಟರ್ ಫೋಲ್ಡರಿನ ಕಾನ್ಫ್ ಫೈಲ್‌ನಲ್ಲಿ, ಸಾಲಿಗೊಂದರಂತೆ ಬರೆಯಬೇಕು.

[ಪರದೆ: ಉಬುಂಟು ಡೆಸ್ಕ್‌ಟಾಪ್]

ಉಬುಂಟುವಿನಲ್ಲಿ 24.04ರಿಂದ ವಿಳಾಸಗಳು ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನ ಉಬುಂಟು.ಸೋರ್ಸಸ್ ಫೈಲ್‌ನಲ್ಲಿವೆ. ಮಿರರ್ ಬದಲಿಸಿ, ಆದರೆ ಸೆಕ್ಯೂರಿಟಿ ವಿಳಾಸವನ್ನು ಮುಟ್ಟಬೇಡಿ. ಭದ್ರತಾ ಅಪ್‌ಡೇಟ್ ಮಿರರ್‌ನ ಸಿಂಕ್‌ಗಾಗಿ ಕಾಯಬಾರದು. "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಬಂದರೆ ಮಿರರ್ ಅರ್ಧ ಸಿಂಕ್‌ನಲ್ಲಿ ಸಿಕ್ಕಿಬಿದ್ದಿರುವ ಸಾಧ್ಯತೆ ಹೆಚ್ಚು. ತುಸು ಹೊತ್ತು ಬಿಟ್ಟು ಮತ್ತೆ ನೋಡಿ. ಬಿಡದೆ ಕಾಡಿದರೆ /ವಾರ್/ಲಿಬ್/ಎಪಿಟಿ/ಲಿಸ್ಟ್ಸ್ ಒಳಗಿನದನ್ನು ಅಳಿಸಿ ಪುನಃ ಅಪ್‌ಡೇಟ್ ಕೊಡಿ.

ಡೆಬಿಯನ್‌ನ ಭದ್ರತಾ ರೆಪೊಸಿಟರಿಯಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ರಿಲೀಸ್ ಫೈಲ್‌ಗೆ ಅವಧಿ ನಮೂದಾಗಿರುತ್ತದೆ. ಮಿರರ್ ಹಳಸಿದರೆ ಎಪಿಟಿ (ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಸಾಧನ) "ಎಕ್ಸ್‌ಪೈರ್ಡ್" ಎಂದು ಬಾಯಿಬಿಟ್ಟು ಹೇಳುತ್ತದೆ. "ನಾಟ್ ವ್ಯಾಲಿಡ್ ಯೆಟ್" ಎಂದರೆ ಮಿರರ್ ಬಿಡಿ, ಮೊದಲು ನಿಮ್ಮ ಕಂಪ್ಯೂಟರಿನ ಗಡಿಯಾರ ನೋಡಿ.

ಫೆಡೋರಾದಲ್ಲಿ ಮೆಟಾಲಿಂಕ್ ವ್ಯವಸ್ಥೆ ಇದೆ. ಯಾವ ಮಿರರ್‌ಗೆ ಹೋಗಬೇಕು ಎಂಬ ಪಟ್ಟಿಯ ಜೊತೆಗೆ ಮೆಟಾಡೇಟಾದ (ಪ್ಯಾಕೇಜ್ ಮಾಹಿತಿಯ) ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ ಕೂಡ ಬರುವುದರಿಂದ ಹಳಸಿದ ಮಿರರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಬೇಸ್‌ಯುಆರ್‌ಎಲ್ ಹಾಕಿ ಒಂದೇ ಸರ್ವರ್‌ಗೆ ಕಟ್ಟಿಹಾಕಿದರೆ ಈ ಕಾವಲನ್ನು ನೀವೇ ತೆಗೆದಂತೆ. ಹಾಗೆ ಮಾಡಿದ್ದರೆ ಆ ಸಾಲಿನ ಮುಂದೆ ಹ್ಯಾಶ್ ಹಾಕಿ, ಮೆಟಾಲಿಂಕ್ ಸಾಲಿನ ಮುಂದಿನ ಹ್ಯಾಶ್ ಅಳಿಸಿ, ಡಿಎನ್‌ಎಫ್‌ಗೆ (ಫೆಡೋರಾದ ಪ್ಯಾಕೇಜ್ ಸಾಧನಕ್ಕೆ) ಒಮ್ಮೆ ರಿಫ್ರೆಶ್ ಸೇರಿಸಿ ಅಪ್‌ಗ್ರೇಡ್ ಕೊಡಿ.