ಕಠ್ಮಂಡುವಿಗೆ ಹೋದರೆ ಮೊದಲು ಕೂತ್ಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಕಠ್ಮಂಡುವಿನಲ್ಲಿ ಏನೇನು ನೋಡಬೇಕು ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಕಟ್ಟಡ ವಿನ್ಯಾಸ ಕಲಿಸುವ ಟೀಚರ್. 2011ರಿಂದ ಈಚೆಗೆ ಒಂಬತ್ತು ಸಲ ಆ ಊರಿಗೆ ಹೋಗಿದ್ದೇನೆ. ವಿದ್ಯಾರ್ಥಿಗಳ ಜೊತೆ ಹೋಗಿದ್ದೇನೆ, ಒಬ್ಬಳೇ ಹೋಗಿದ್ದೇನೆ, ಅಮ್ಮನನ್ನೂ ಕರೆದುಕೊಂಡು ಹೋಗಿದ್ದೇನೆ. ಹೇಳೋದಕ್ಕೆ ತುಂಬಾ ಇದೆ. ಆದರೆ ನಿಮ್ಮ ನೆನಪಲ್ಲಿ ಒಂದೇ ಮಾತು ಉಳಿದರೂ ನನಗೆ ಸಾಕು. ಅಲ್ಲಿಗೆ ಹೋದರೆ, ಒಂದು ಕಡೆ ಕೂತ್ಕೊಳ್ಳಿ.

ಈಗ ಕೇಳುತ್ತಿರುವವರಲ್ಲಿ ಬಹಳ ಜನ ಕಾಶಿ, ಗಯಾ ಮುಗಿಸಿ ಹಾಗೇ ಪಶುಪತಿನಾಥನನ್ನೂ ನೋಡಿ ಬರೋಣ ಅಂತ ಹೊರಟವರು, ಅಲ್ವಾ? ಟೂರಿನವರು ಕೊಟ್ಟ ಹಾಳೆ ತೆಗೆದು ನೋಡಿ. ಕಠ್ಮಂಡು ಅನ್ನುವ ದಿನದ ಎದುರಿಗೆ ಏಳು ಜಾಗ ಬರೆದಿರುತ್ತದೆ. ಪಶುಪತಿ, ಬೌದ್ಧನಾಥ, ಸ್ವಯಂಭು, ಚಾಂಗು ನಾರಾಯಣ, ಆಮೇಲೆ ಕಠ್ಮಂಡು, ಪಾಟನ್, ಭಕ್ತಪುರದ ಮೂರು ದರ್ಬಾರ್ ಚೌಕಗಳು. ಈ ಏಳನ್ನೂ ಸೇರಿಸಿಯೇ ಯುನೆಸ್ಕೊ 1979ರಲ್ಲಿ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಏಳೂ ನೋಡಬೇಕಾದ ಜಾಗಗಳೇ. ಆದರೆ ಒಂದೇ ದಿನದಲ್ಲಿ ಏಳು? ದಯವಿಟ್ಟು ಬೇಡ. ಅಂಥ ದಿನ ನೀವು ನೋಡೋದು ವ್ಯಾನಿನ ಮುಂದಿನ ಸೀಟಿನ ಬೆನ್ನನ್ನು. ಹಾಳೆಯಲ್ಲಿ ನಾಲ್ಕು ಜಾಗ ಹೊಡೆದು ಹಾಕಿ. ಉಳಿದ ಮೂರರಲ್ಲಿ ಕೂತ್ಕೊಳ್ಳಿ.

ಊರಿನ ಹೆಸರಿನಲ್ಲೇ ಈ ಮಾತಿದೆ. ಕಾಷ್ಠಮಂಡಪ ಅನ್ನುವುದೇ ಬಾಯಿಂದ ಬಾಯಿಗೆ ಸವೆದು ಕಠ್ಮಂಡು ಆಯಿತು. ಕಾಷ್ಠ ಅಂದರೆ ಮರ. ಮಂಟಪ ನಮಗೆ ಗೊತ್ತೇ ಇದೆ. ರಾಜನ ಹೆಸರು ಬಿಟ್ಟು, ದಾರಿಹೋಕರು ದಣಿವಾರಿಸಿಕೊಳ್ಳುವ ಮಂಟಪದ ಹೆಸರನ್ನು ಇಟ್ಟುಕೊಂಡ ರಾಜಧಾನಿ ಅದು. ಟಿಬೆಟ್ಟಿಗೂ ಭಾರತಕ್ಕೂ ಸರಕು ಹೊತ್ತು ಓಡಾಡುತ್ತಿದ್ದವರು ಆ ಮಂಟಪದಲ್ಲಿ ಮಲಗಿ ಎದ್ದು ಹೋಗುತ್ತಿದ್ದರು. ಒಂದೇ ಮರದಿಂದ ಕಟ್ಟಿದ್ದು ಅಂತ ಅಲ್ಲಿಯವರು ಕತೆ ಹೇಳುತ್ತಾರೆ.

2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನ 12ಕ್ಕೆ ಇನ್ನು ನಾಲ್ಕು ನಿಮಿಷ. 7.8 ತೀವ್ರತೆಯ ಭೂಕಂಪ. ಅವತ್ತು ಆ ಮಂಟಪದೊಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ಮಂಟಪ ಪೂರ್ತಿ ಕುಸಿಯಿತು. ರಕ್ತ ಕೊಡಲು ಬಂದವರೂ ಸತ್ತರು. ಆಮೇಲೆ ಅಡಿಪಾಯ ಅಗೆದು ನೋಡಿದರೆ ಅದು 7ನೇ ಶತಮಾನದ್ದು ಅಂತ ಗೊತ್ತಾಯಿತು. ಊರಿನವರು ಮುಂದೆ ನಿಂತು ಹಳೆಯ ರೀತಿಯಲ್ಲೇ ಮರಕ್ಕೆ ಮರ ಕೂಡಿಸಿ ಅದನ್ನು ಮತ್ತೆ ಕಟ್ಟಿಸಿದ್ದಾರೆ. ಕಠ್ಮಂಡುವಿನ ದರ್ಬಾರ್ ಚೌಕದ ಪಕ್ಕದಲ್ಲೇ ಇದೆ. ಹೊಸ ಮರದ ಬಣ್ಣ ಇನ್ನೂ ಎಳೆಯದು. ಅಲ್ಲಿಗೆ ಹೋದಾಗ ಫೋಟೋ ತೆಗೆದು ವ್ಯಾನ್ ಹತ್ತಬೇಡಿ. ಒಂದು ಹತ್ತು ನಿಮಿಷ ಕೂತ್ಕೊಳ್ಳಿ.

ಇದು ದೊಡ್ಡ ಮಂಟಪ. ಸಣ್ಣವು ಓಣಿ ಓಣಿಗೂ ಇವೆ. ನೇಪಾಳಿಯಲ್ಲಿ ಪಾಟಿ ಅನ್ನುತ್ತಾರೆ. ಆ ಕಣಿವೆಯ ಮೂಲದವರಾದ ನೇವಾರರ ಭಾಷೆಯಲ್ಲಿ ಫಲ್ಚಾ. ನಮ್ಮ ಮನೆಗಳ ಜಗುಲಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ಜಗುಲಿಯನ್ನು ಎತ್ತಿ ಬೀದಿಗೆ ಕೊಟ್ಟಂತೆ ಇರುತ್ತದೆ. ಕೆಳಗೆ ಇಟ್ಟಿಗೆ ಕಟ್ಟೆ, ಮೇಲೆ ಹಲಗೆ, ಹಿಂದೆ ಗೋಡೆ, ಮುಂದೆ ಕೆತ್ತನೆಯ ಕಂಬಗಳು. ತಲೆಯ ಮೇಲೆ ಝಿಂಗಟಿ ಅನ್ನುವ ಪುಟ್ಟ ಹೆಂಚಿನ ಮಾಡು. ಗೋಡೆಯ ಗೂಡಿನಲ್ಲಿ ಒಂದು ದೇವರು. ಬಾಗಿಲಿಲ್ಲ, ಟಿಕೆಟ್ ಇಲ್ಲ. ಯಾರು ಬೇಕಾದರೂ ಕೂರಬಹುದು.

ನನಗೆ ಇದು ಗೊತ್ತಾಗಿದ್ದು ಚಪ್ಪಲಿ ಕಿತ್ತುಹೋಗಿದ್ದರಿಂದ. 2011ರ ಅಕ್ಟೋಬರ್ ಕೊನೆ, ನನ್ನ ಮೊದಲ ಸಲ. ನಾನೂ ಟೂರಿನಲ್ಲೇ ಹೋಗಿದ್ದೆ. ಪಾಟನ್ ಚೌಕದಲ್ಲಿ ಇಳಿಸಿ, 45 ನಿಮಿಷ, ಅಷ್ಟರಲ್ಲಿ ನೋಡಿ ಬನ್ನಿ ಅಂದರು. ಬಿರಬಿರನೆ ಒಂದು ಓಣಿಗೆ ನುಗ್ಗಿದೆ. ಚಪ್ಪಲಿಯ ಉಂಗುಷ್ಠ ಪಟ್ಟನೆ ಕಿತ್ತಿತು. ಜೊತೆಯವರು ಮುಂದೆ ಹೋದರು. ನಾನು ಪಕ್ಕದಲ್ಲಿದ್ದ ಫಲ್ಚಾದಲ್ಲಿ ಕೂತೆ.

ಎದುರಿಗೆ ಒಬ್ಬ ಅಜ್ಜಿ ಇಟ್ಟಿಗೆ ಹಾಸಿನ ಮೇಲೆ ಭತ್ತ ಹರವುತ್ತಿದ್ದರು. ಕಾಲಲ್ಲಿ ಗೆರೆ ಗೆರೆಯಾಗಿ ಕೆದಕುತ್ತಾ ಆ ತುದಿಗೆ ಹೋಗೋದು, ತಿರುಗಿ ಬರೋದು. ಥೇಟ್ ನಮ್ಮ ಅಜ್ಜಿ ಅಂಗಳದಲ್ಲಿ ಮಾಡುತ್ತಿದ್ದ ಹಾಗೆ. ನನ್ನ ಚಪ್ಪಲಿ ನೋಡಿದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಹಳೇ ಬಟ್ಟೆಯ ಪಟ್ಟಿ ತಂದು, ಉಂಗುಷ್ಠದ ತೂತಿಗೆ ಪೋಣಿಸಿ, ಕೆಳಗಡೆ ಗಂಟು ಹಾಕಿ ಕೊಟ್ಟರು. ಮತ್ತೆ ಭತ್ತ ಕೆದಕಲು ಹೋದರು.

ಆಮೇಲೆ ತಲೆಗೆ ಟೋಪಿ ಹಾಕಿದ ಒಬ್ಬ ಹಿರಿಯರು ಬಂದು ಪಕ್ಕದಲ್ಲಿ ಕೂತರು. ಅಜ್ಜಿಯ ಯಜಮಾನರು. ಎಲ್ಲಿಂದ ಬಂದಿರಿ ಅಂತ ಹಿಂದಿಯಲ್ಲಿ ಕೇಳಿದರು. ಕರ್ನಾಟಕ ಅಂದೆ. "ಓ, ಪಶುಪತಿಯ ಭಟ್ಟರ ಊರು!" ಅಂತ ಕೈ ಮುಗಿದುಬಿಟ್ಟರು. ಪಶುಪತಿನಾಥನ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು. ಹೆಚ್ಚಾಗಿ ನಮ್ಮ ಕರ್ನಾಟಕದಿಂದ ಹೋದವರು. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಯಾರೋ ಮಾಡಿದ ಪೂಜೆಗೆ ನನಗೆ ಕೈ ಮುಗಿಯುತ್ತಾರೆ ಅಂತ ಗೊತ್ತಿರಲಿಲ್ಲ.

ಆ ಫಲ್ಚಾ ಕಟ್ಟಿಸಿದ್ದು ಅವರ ಮುತ್ತಜ್ಜ. ತಾಯಿ ತೀರಿಕೊಂಡಾಗ ಆಕೆಯ ಹೆಸರಿನಲ್ಲಿ ಕಟ್ಟಿಸಿದರಂತೆ. ಕಟ್ಟಿಸಿ ಸುಮ್ನೆ ಬಿಡಲಿಲ್ಲ. ಸ್ವಲ್ಪ ಗದ್ದೆಯನ್ನೂ ಬಿಟ್ಟುಕೊಟ್ಟರು. ಗದ್ದೆಯ ಬೆಳೆಯಿಂದ ಹೆಂಚು ಬದಲಿಸಬೇಕು, ಹಲಗೆ ಸರಿ ಮಾಡಿಸಬೇಕು, ವರ್ಷಕ್ಕೊಂದು ದಿನ ಮನೆತನದವರೆಲ್ಲ ಸೇರಿ ಉಣ್ಣಬೇಕು. ಇದಕ್ಕೆ ಗುಠಿ ಅನ್ನುತ್ತಾರೆ. ನಮ್ಮ ಕಡೆ ದೇವಸ್ಥಾನಕ್ಕೆ ಉಂಬಳಿ ಬಿಡುತ್ತಿದ್ದರಲ್ಲ, ಹಾಗೆ. ಆ ಕಣಿವೆಯ ಗುಡಿ, ತೇರು, ಕೊಳ, ಹಬ್ಬ ಎಲ್ಲವೂ ನಿಂತಿರೋದು ಗುಠಿಗಳ ಮೇಲೆ. 2019ರಲ್ಲಿ ಸರ್ಕಾರ ಗುಠಿಗಳಿಗೆ ಹೊಸ ಕಾನೂನು ತರಲು ಹೊರಟಾಗ ಸಾವಿರ ಸಾವಿರ ಜನ ಬೀದಿಗೆ ಇಳಿದರು. ಸರ್ಕಾರ ಮಸೂದೆಯನ್ನು ವಾಪಸ್ ತೆಗೆದುಕೊಂಡಿತು.

ಸಂಜೆಯಾಯಿತು. ಆರೇಳು ಜನ ಡೋಲು, ತಾಳ ಹಿಡಿದು ಬಂದರು. ಸ್ವಲ್ಪ ಸರಿದುಕೊಳ್ಳಿ ಅಂತ ಸನ್ನೆ ಮಾಡಿ ನನ್ನ ಸುತ್ತಲೇ ಕೂತು ಹಾಡಲು ಶುರು ಮಾಡಿದರು. ದಾಫಾ ಅನ್ನುವ ಭಜನೆ. ಎರಡು ಗುಂಪು ಎದುರು ಬದುರು ಕೂತು, ಒಂದು ಸಾಲು ಇವರು, ಒಂದು ಸಾಲು ಅವರು. ಒಂದು ಪದವೂ ಅರ್ಥವಾಗಲಿಲ್ಲ. ಎದ್ದು ಬರಲು ಮನಸ್ಸೂ ಬರಲಿಲ್ಲ. ನಮ್ಮ ವ್ಯಾನ್ ಹೋಗಿ ಎಷ್ಟೋ ಹೊತ್ತಾಗಿತ್ತು.

2017ರಲ್ಲಿ ಹೋದಾಗ ಆ ಜಾಗದಲ್ಲಿ ಇಟ್ಟಿಗೆ ರಾಶಿ ಇತ್ತು. ಹಿರಿಯರು ಇದ್ದರು, ಅಜ್ಜಿ ಇರಲಿಲ್ಲ. ಭೂಕಂಪದಲ್ಲಿ ಬಿದ್ದ ಕಂಬಗಳನ್ನು ಅವರು ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಒರಗಿಸಿ ಇಟ್ಟುಕೊಂಡಿದ್ದರು. ಒಂದೊಂದನ್ನೇ ಮುಟ್ಟಿ ತೋರಿಸಿದರು. 2019ಕ್ಕೆ ಅದೇ ಕಂಬಗಳ ಮೇಲೆ ಮಾಡು ಕೂತಿತ್ತು. ನಾನು ಮೊದಲು ಕೂತಿದ್ದ ಮೂಲೆಯಲ್ಲೇ ಕೂತೆ.

ನನ್ನ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಕಳೆಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಪಾಟನ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಮಂಗ ಹಿಟಿಯ ಮೆಟ್ಟಿಲ ಮೇಲೆ ಕೂರಿ. ಹಿಟಿ ಅಂದರೆ ನಮ್ಮ ಕಲ್ಯಾಣಿಯ ಹಾಗೆ ಕೆಳಕ್ಕೆ ಇಳಿದಿರುವ ನೀರಿನ ತಾಣ. ಕಲ್ಲಿನ ಮಕರದ ಬಾಯಿಂದ ನೀರು ಬೀಳುತ್ತದೆ. ಇದು 6ನೇ ಶತಮಾನದ್ದು. ಇವತ್ತಿಗೂ ಜನ ಕೊಡ ಹಿಡಿದು ಬರುತ್ತಾರೆ. ಹತ್ತಿರದಲ್ಲೇ ಕೃಷ್ಣ ಮಂದಿರ ಇದೆ, 1637ರದ್ದು, ಪೂರ್ತಿ ಕಲ್ಲು. ಅದರ ಸುತ್ತ ರಾಮಾಯಣ, ಮಹಾಭಾರತ ಕೆತ್ತಿದ್ದಾರೆ. ನಮ್ಮ ಹಳೇಬೀಡು ನೋಡಿದವರಿಗೆ ಕತೆ ಹುಡುಕುವುದು ಕಷ್ಟವಲ್ಲ.

ಭಕ್ತಪುರಕ್ಕೆ ಅರ್ಧ ದಿನ ಕೊಡಿ. ಅಲ್ಲಿನ ನ್ಯಾತಪೋಲ ಗುಡಿಗೆ ಐದು ಮಾಡು. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ್ದು. 1934ರ ಭೂಕಂಪಕ್ಕೂ ಬೀಳಲಿಲ್ಲ, 2015ರದ್ದಕ್ಕೂ ಬೀಳಲಿಲ್ಲ. ಅದರ ಮೆಟ್ಟಿಲೇ ಊರಿನ ಜಗುಲಿ. ಜುಜು ಧೌ ಕೇಳಿ ತಗೊಳ್ಳಿ. ಮಣ್ಣಿನ ಕುಡಿಕೆಯಲ್ಲಿ ಕೊಡುವ ಗಟ್ಟಿ ಮೊಸರು. ಹೆಸರಿನ ಅರ್ಥ ರಾಜ ಮೊಸರು. ಮೆಟ್ಟಿಲ ಮೇಲೆ ಕೂತು ತಿನ್ನಿ. ಯೋಮರಿ ಸಿಕ್ಕರೆ ಬಿಡಬೇಡಿ. ಅಕ್ಕಿ ಹಿಟ್ಟಿನೊಳಗೆ ಬೆಲ್ಲ, ಎಳ್ಳು ತುಂಬಿ ಹಬೆಯಲ್ಲಿ ಬೇಯಿಸಿದ್ದು. ನಾವು ಕಡುಬು ಅನ್ನುತ್ತೇವೆ, ಅಷ್ಟೇ. ಮಾಂಸ ತಿನ್ನದವರು ಮೊಮೊ ತಗೊಳ್ಳುವಾಗ ಕೇಳಿ ತಗೊಳ್ಳಿ. ಅಲ್ಲಿ ಎಮ್ಮೆ ಮಾಂಸದ್ದು ಸಾಮಾನ್ಯ.

ಪಶುಪತಿಯಲ್ಲಿ ದರ್ಶನ ಆದ ಕೂಡಲೇ ಓಡಬೇಡಿ. ಸಂಜೆ ಬಾಗಮತಿಯ ಆಚೆ ದಡದ ಮೆಟ್ಟಿಲಲ್ಲಿ ಕೂರಿ. ಒಂದು ಕಡೆ ಆರತಿ, ಎದುರು ದಡದಲ್ಲಿ ಚಿತೆ. ಅಲ್ಲಿ ಕ್ಯಾಮೆರಾ ಒಳಗಿಡಿ. ಬೌದ್ಧನಾಥದಲ್ಲಿ ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡು ಜನರ ಜೊತೆ ಸುತ್ತಿ. ಸುಸ್ತಾದರೆ ಏನು ಮಾಡಬೇಕು ಅಂತ ನಿಮಗೆ ಈಗ ಗೊತ್ತು.

ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್ ಕೂಡ. ನಮಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ನಮ್ಮ 100 ರೂಪಾಯಿಗೆ ಅಲ್ಲಿನ 160. ಚೌಕಗಳ ಟಿಕೆಟ್ ತಗೊಳ್ಳುವಾಗ ಭಾರತದವರು ಅಂತ ಹೇಳಿ. ನಮಗೆ ಕಡಿಮೆ ದರ. ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಿ. ಚಳಿಗಾಲದಲ್ಲಿ ಹೋಗುವವರು ಒಂದು ದಪ್ಪ ಟವೆಲನ್ನು ಕೈಚೀಲದಲ್ಲಿ ಹಾಕಿಕೊಳ್ಳಿ. ಬೆಳಗಿನ ಹೊತ್ತು ಫಲ್ಚಾದ ಹಲಗೆ ತುಂಬಾ ತಣ್ಣಗಿರುತ್ತದೆ.

ನಮಸ್ಕಾರ.