ಕಬ್ಬಿಣದ ಊರಿನಲ್ಲಿ 95ನೇ ನಿಮಿಷ: ಪೊಹಾಂಗ್ ಸ್ಟೀಲರ್ಸ್ ಕಥೆ

ಈ ಶಾಟ್‌ನಲ್ಲಿ ಮೊದಲು ಕಡಲು ನೋಡಿ. ಆಮೇಲೆ ನೀರಿನ ಆಚೆ ದಡ ನೋಡಿ. ಅಲ್ಲಿ ಸಾಲಾಗಿ ನಿಂತಿರುವ ಚಿಮಣಿಗಳು ಪೋಸ್ಕೊ ಉಕ್ಕಿನ ಕಾರ್ಖಾನೆಯವು. ನಾನು ಈಗ ದಕ್ಷಿಣ ಕೊರಿಯಾದ ಪೂರ್ವ ಕರಾವಳಿಯ ಪೊಹಾಂಗ್ ಊರಿನಲ್ಲಿ, ಯೊಂಗಿಲ್‌ದೆ ಬೀಚಿನಲ್ಲಿ ನಿಂತಿದ್ದೇನೆ. ಬೆಳಿಗ್ಗೆ ಸೋಲ್‌ನಲ್ಲಿ ಕೆಟಿಎಕ್ಸ್ ರೈಲು ಹತ್ತಿದೆ, ಸುಮಾರು ಎರಡೂವರೆ ಗಂಟೆಯಲ್ಲಿ ಇಲ್ಲಿ ಇಳಿದೆ. ಸಂಜೆ ಒಂದು ಮ್ಯಾಚ್ ಇದೆ. ಅದಕ್ಕಾಗಿಯೇ ಬಂದದ್ದು.

ಕೊರಿಯಾ ಅಂದರೆ ಸೋಲ್, ಬುಸಾನ್, ಜೆಜು ಅಂತ ಹೋಗುವವರೇ ಜಾಸ್ತಿ. ಪೊಹಾಂಗ್‌ಗೆ ಯಾಕೆ ಹೋಗ್ತೀಯ ಅಂತ ನನ್ನ ರೂಮ್‌ಮೇಟ್ ಕೂಡ ಕೇಳಿದ. ಕಾರಣ ಇದೆ. ನಾನು ಭದ್ರಾವತಿಯ ಹುಡುಗ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಕಾರ್ಖಾನೆಯ ಸೈರನ್‌ಗೆ ಬೆಲೆ ಜಾಸ್ತಿ ಇತ್ತು. ಅಪ್ಪನಿಗೆ ಯಾವ ಪಾಳಿ ಅನ್ನುವುದರ ಮೇಲೆ ನಮ್ಮ ಊಟ, ನಿದ್ದೆ, ಕೊನೆಗೆ ಮಾತಾಡುವ ದನಿ ಕೂಡ ನಿಂತಿತ್ತು. ಅಂಥದ್ದೇ ಒಂದು ಊರು ಕಾರ್ಖಾನೆಯ ಪಕ್ಕದಲ್ಲೇ ಒಂದು ಫುಟ್‌ಬಾಲ್ ತಂಡವನ್ನು ಬೆಳೆಸಿ, ಆ ತಂಡ ಮೂರು ಸಲ ಏಷ್ಯಾದ ಚಾಂಪಿಯನ್ ಆಗಿದೆ ಅಂತ ಓದಿದ ದಿನದಿಂದ ಈ ಊರು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ತಂಡದ ಹೆಸರು ಪೊಹಾಂಗ್ ಸ್ಟೀಲರ್ಸ್.

ಕಾರ್ಖಾನೆಯಿಂದಲೇ ಶುರು ಮಾಡೋಣ. ಪೋಸ್ಕೊ ಹುಟ್ಟಿದ್ದು 1968ರಲ್ಲಿ. ಆಗ ಕೊರಿಯಾ ಬಡ ದೇಶ. ಕೈಯಲ್ಲಿ ದುಡ್ಡಿಲ್ಲ, ತಂತ್ರಜ್ಞಾನ ಇಲ್ಲ. ಹಿಂದೆ ಕೊರಿಯಾವನ್ನು ಆಳಿದ್ದ ಜಪಾನ್, ಆ ಆಳ್ವಿಕೆಯ ಲೆಕ್ಕ ಚುಕ್ತಾ ಮಾಡಲು ಕೊಟ್ಟ ಹಣದ ಒಂದು ಪಾಲನ್ನು ಇಲ್ಲಿ ಹೂಡಿದರು. ಕಾರ್ಖಾನೆಯ ಹೊಣೆ ಹೊತ್ತವರು ಪಾರ್ಕ್ ತೆ-ಜುನ್ ಅನ್ನುವ ಮಾಜಿ ಸೇನಾಧಿಕಾರಿ. ಇದು ನಮ್ಮ ಹಿರಿಯರ ರಕ್ತದ ಬೆಲೆ, ಸೋತರೆ ಎಲ್ಲರೂ ಬಲಕ್ಕೆ ತಿರುಗಿ ಯೊಂಗಿಲ್ ಕೊಲ್ಲಿಗೆ ಹಾರಿಬಿಡೋಣ ಅಂತ ಅವರು ಕೆಲಸಗಾರರಿಗೆ ಹೇಳಿದ್ದರಂತೆ. ನಾನು ಈಗ ನೋಡುತ್ತಿರುವುದು ಅದೇ ಕೊಲ್ಲಿ. ಇವತ್ತು ಅಲೆ ಕಡಿಮೆ. ಮಕ್ಕಳು ಮರಳಿನಲ್ಲಿ ಆಡುತ್ತಿದ್ದಾರೆ.

ಇಲ್ಲಿನ ಕುಲುಮೆಯಿಂದ ಮೊದಲ ಸಲ ಕರಗಿದ ಕಬ್ಬಿಣ ಹರಿದದ್ದು 1973ರ ಜೂನ್ 9ರಂದು. ಫುಟ್‌ಬಾಲ್ ತಂಡ ಹುಟ್ಟಿದ್ದು ಅದೇ ವರ್ಷ ಏಪ್ರಿಲ್ 1ರಂದು. ಅಂದರೆ ಕಬ್ಬಿಣಕ್ಕಿಂತ ಎರಡು ತಿಂಗಳು ಮೊದಲೇ ಚೆಂಡು ಬಂದಿತ್ತು! ಪಾರ್ಕ್ ಅವರಿಗೆ ಫುಟ್‌ಬಾಲ್ ಅಂದರೆ ಅಷ್ಟು ಪ್ರೀತಿ.

ಪೋಸ್ಕೊ ಹೆಸರು ನಮ್ಮ ಕಡೆಯವರಿಗೂ ಹೊಸದಲ್ಲ ಅಲ್ವಾ? 2010ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ಹತ್ತಿರ ಕಾರ್ಖಾನೆ ಹಾಕಲು ಇದೇ ಕಂಪನಿ ಮುಂದೆ ಬಂದಿತ್ತು. ರೈತರು ಭೂಮಿ ಕೊಡುವುದಿಲ್ಲ ಅಂತ ಎದ್ದು ನಿಂತರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಬೆನ್ನಿಗೆ ನಿಂತರು. 2011ರಲ್ಲಿ ಯೋಜನೆ ನಿಂತುಹೋಯಿತು. ಆ ರೈತರು ಮಾಡಿದ್ದು ಸರಿ ಅಂತಲೇ ನಾನು ಈಗಲೂ ನಂಬುತ್ತೇನೆ. ಒಂದು ಕಾರ್ಖಾನೆ ಊರನ್ನು ಕಟ್ಟಲೂಬಹುದು, ಒಕ್ಕಲೆಬ್ಬಿಸಲೂಬಹುದು. ಪೊಹಾಂಗ್ ಆ ಕಾರ್ಖಾನೆಯಿಂದ ಬೆಳೆದ ಊರು. ಈಗ ಇಲ್ಲಿ ಸುಮಾರು ಐದು ಲಕ್ಷ ಜನ ಇದ್ದಾರೆ.

ಬೀಚಿನಿಂದ ಬಸ್ ಹತ್ತಿ ಸ್ಟೇಡಿಯಂ ಕಡೆ ಹೊರಟೆ. ದಾರಿಯಲ್ಲಿ ಹಳೆಯ ಕಥೆ ಬೇಗ ಹೇಳಿಬಿಡುತ್ತೇನೆ. ಕೊರಿಯಾದ ವೃತ್ತಿಪರ ಲೀಗ್ 1983ರಲ್ಲಿ ಐದೇ ತಂಡಗಳಿಂದ ಶುರುವಾಯಿತು. ಅದರಲ್ಲಿ ಇದೂ ಒಂದು. ಆಗಿನ ಹೆಸರು ಪೋಸ್ಕೊ ಡಾಲ್ಫಿನ್ಸ್. 1985ರಲ್ಲಿ ಆಟಮ್ಸ್ ಆಯಿತು. ಸ್ಟೀಲರ್ಸ್ ಅನ್ನುವ ಹೆಸರು ಬಂದದ್ದು 1997ರಲ್ಲಿ. ಹೆಸರು ಬದಲಾದರೂ ಊರು ಬದಲಾಗಲಿಲ್ಲ. ಕೊರಿಯಾದಲ್ಲಿ ಇದು ಸಣ್ಣ ಮಾತಲ್ಲ. ಎಷ್ಟೋ ಕ್ಲಬ್‌ಗಳು ಕಂಪನಿಯ ಅನುಕೂಲ ನೋಡಿಕೊಂಡು ಒಂದು ಊರಿನಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟಿವೆ.

ಇದೇ ಸ್ಟೀಲ್‌ಯಾರ್ಡ್. 1990ರಲ್ಲಿ ತೆರೆದದ್ದು. ಫುಟ್‌ಬಾಲ್‌ಗಾಗಿಯೇ ಕಟ್ಟಿದ ಕೊರಿಯಾದ ಮೊದಲ ಸ್ಟೇಡಿಯಂ ಇದು. ಮಧ್ಯೆ ಓಟದ ಟ್ರ್ಯಾಕ್ ಇಲ್ಲ. ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಮ್ಯಾಚ್ ನೋಡಿದವರಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಇಲ್ಲಿ ಆಟಗಾರ ಚೆಂಡು ಒದೆಯುವ ಶಬ್ದ ನಿಮ್ಮ ಸೀಟಿಗೆ ಕೇಳುತ್ತದೆ. ಹದಿನೇಳು ಸಾವಿರ ಚಿಲ್ಲರೆ ಜನ ಕೂರಬಹುದು. ಕಾರ್ಖಾನೆಯ ಆವರಣಕ್ಕೆ ಅಂಟಿಕೊಂಡೇ ಇದೆ. ಪಾಳಿ ಮುಗಿಸಿದವರು ಸೀದಾ ಮ್ಯಾಚ್‌ಗೆ ಬಂದು ಕೂರಬಹುದು. ಭದ್ರಾವತಿಯಲ್ಲಿ ಹೀಗೊಂದು ಇದ್ದಿದ್ದರೆ ಅಪ್ಪ ಪ್ರತಿ ವಾರ ಹೋಗುತ್ತಿದ್ದರು.

ಈ ತಂಡ ಲೀಗ್ ಗೆದ್ದದ್ದು ಐದು ಸಲ: 1986, 1988, 1992, 2007, 2013. 1992ರಲ್ಲಿ ಹಾಂಗ್ ಮ್ಯುಂಗ್-ಬೊ ತಮ್ಮ ಮೊದಲ ಸೀಸನ್‌ನಲ್ಲೇ ಲೀಗ್‌ನ ಅತ್ಯುತ್ತಮ ಆಟಗಾರ ಆದರು. 2002ರ ವಿಶ್ವಕಪ್‌ನಲ್ಲಿ ಕೊರಿಯಾವನ್ನು ಸೆಮಿಫೈನಲ್‌ವರೆಗೆ ಕರೆದೊಯ್ದ ಕ್ಯಾಪ್ಟನ್ ಇವರೇ. ಆ ವಿಶ್ವಕಪ್‌ನಲ್ಲಿ ಪೋಲೆಂಡ್ ಮೇಲೆ ಮೊದಲ ಗೋಲು ಹೊಡೆದ ಹ್ವಾಂಗ್ ಸನ್-ಹಾಂಗ್ ಕೂಡ ಪೊಹಾಂಗ್‌ನಲ್ಲಿ ಬೆಳಗಿದ ಆಟಗಾರ. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಏಷ್ಯಾದ ಮೊದಲ ಎರಡು ಕಪ್ ಬೆನ್ನುಬೆನ್ನಿಗೆ ಬಂದವು. 1997ರಲ್ಲಿ ಕ್ವಾಲಾಲಂಪುರದಲ್ಲಿ, ಕೊರಿಯಾದ್ದೇ ಇನ್ನೊಂದು ತಂಡ ಚೊನಾನ್ ಇಲ್ವಾ ಮೇಲೆ. 1998ರಲ್ಲಿ ಹಾಂಗ್‌ಕಾಂಗ್‌ನಲ್ಲಿ, ಚೀನಾದ ಡಾಲಿಯನ್ ಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ.

ಮೂರನೆಯದು ನನಗೆ ತುಂಬ ಇಷ್ಟ. ಬ್ರೆಜಿಲ್‌ನ ಸೆರ್ಜಿಯೊ ಫರಿಯಾಸ್ ಅನ್ನುವ ಯುವ ಕೋಚ್ 2005ರಲ್ಲಿ ಇಲ್ಲಿಗೆ ಬಂದರು. 2007ರಲ್ಲಿ ಅವರ ತಂಡ ಲೀಗ್ ಮುಗಿಸಿದ್ದು ಐದನೇ ಸ್ಥಾನದಲ್ಲಿ. ಆಗ ಮೇಲಿನ ಆರು ತಂಡಗಳಿಗೆ ಪ್ಲೇಆಫ್ ಇತ್ತು. ಅಲ್ಲಿ ಒಬ್ಬೊಬ್ಬರನ್ನೇ ಮಣಿಸುತ್ತಾ ಹೋಗಿ, ಮೊದಲ ಸ್ಥಾನದಲ್ಲಿದ್ದ ಸೊಂಗ್ನಾಮ್ ತಂಡವನ್ನೇ ಫೈನಲ್‌ನಲ್ಲಿ ಎರಡು ಸಲ ಸೋಲಿಸಿ ಕಪ್ ಎತ್ತಿದರು. ಎರಡು ವರ್ಷ ಬಿಟ್ಟು 2009ರಲ್ಲಿ ಏಷ್ಯಾ ಚಾಂಪಿಯನ್ಸ್ ಲೀಗ್. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದದ್ದು ಉಜ್ಬೇಕಿಸ್ತಾನದ ಬುನ್ಯೋದ್ಕೋರ್. ಅದರಲ್ಲಿ ರಿವಾಲ್ಡೊ ಇದ್ದರು, ಕೋಚ್ ಸ್ಕೊಲಾರಿ. ಇಬ್ಬರೂ 2002ರಲ್ಲಿ ಬ್ರೆಜಿಲ್‌ಗೆ ವಿಶ್ವಕಪ್ ತಂದವರು. ಅಲ್ಲಿ ಹೋಗಿ ಪೊಹಾಂಗ್ 3-1ರಲ್ಲಿ ಸೋತು ಬಂತು. ತಿರುಗಿ ಇಲ್ಲಿ, ಇದೇ ಸ್ಟೀಲ್‌ಯಾರ್ಡ್‌ನಲ್ಲಿ, ಹೆಚ್ಚುವರಿ ಸಮಯದವರೆಗೆ ಹೋರಾಡಿ 4-1ರಲ್ಲಿ ಗೆದ್ದಿತು. ನವೆಂಬರ್ 7ರಂದು ಟೋಕಿಯೊದಲ್ಲಿ ಸೌದಿಯ ಅಲ್ ಇತ್ತಿಹಾದ್ ಮೇಲೆ 2-1. ಕೊರಿಯಾದ ಬೇರೆ ಯಾವ ಕ್ಲಬ್ಬೂ ಏಷ್ಯಾದ ಈ ದೊಡ್ಡ ಕಪ್ಪನ್ನು ಮೂರು ಸಲ ಗೆದ್ದಿಲ್ಲ.

ಆ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ಕ್ಲಬ್ ವಿಶ್ವಕಪ್. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ಎಸ್ತುದಿಯಾಂತೆಸ್ ಎದುರು ಪೊಹಾಂಗ್‌ನ ಮೂವರಿಗೆ ಕೆಂಪು ಕಾರ್ಡ್ ಬಿತ್ತು. ಮೂರನೆಯವರು ಗೋಲ್ ಕೀಪರ್. ಬದಲಿ ಆಟಗಾರರನ್ನು ಇಳಿಸುವ ಅವಕಾಶವೂ ಮುಗಿದಿತ್ತು. ಆಗ ಸ್ವಲ್ಪ ಹೊತ್ತಿನ ಹಿಂದೆ ತಂಡಕ್ಕಾಗಿ ಗೋಲು ಹೊಡೆದಿದ್ದ ಸ್ಟ್ರೈಕರ್ ಡೆನಿಲ್ಸನ್ ಅವರೇ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತರು. ಎಂಟು ಜನ ಮತ್ತು ಒಬ್ಬ ಸ್ಟ್ರೈಕರ್-ಕೀಪರ್ ಅಲ್ಲ, ಅವರನ್ನೂ ಸೇರಿಸಿ ಒಟ್ಟು ಎಂಟೇ ಜನ! 2-1ರಲ್ಲಿ ಸೋತರು. ಆದರೆ ಇನ್ನೊಂದು ಗೋಲು ಬಿಟ್ಟುಕೊಡಲಿಲ್ಲ. ಆಮೇಲೆ ಮೆಕ್ಸಿಕೊದ ಅತ್ಲಾಂತೆ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ಪಡೆದರು. ಆ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಡೆನಿಲ್ಸನ್ನೇ.

ಗೇಟ್ ತೆರೆದರು, ಒಳಗೆ ಬಂದೆ. ಮ್ಯಾಚ್‌ನ ದೃಶ್ಯ ತೋರಿಸುವ ಹಕ್ಕು ನನಗಿಲ್ಲ. ಅದಕ್ಕೇ ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿದ್ದೇನೆ. ಸುತ್ತ ಎಲ್ಲ ಕೆಂಪು ಮತ್ತು ಕಪ್ಪು ಪಟ್ಟಿಯ ಜೆರ್ಸಿ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜ ಕೂತಿದ್ದಾರೆ. ಕುತ್ತಿಗೆಯಲ್ಲಿ ಬಣ್ಣ ಮಾಸಿದ ಸ್ಕಾರ್ಫ್. ಎಲ್ಲಿಂದ ಬಂದೆ ಅಂತ ಕೇಳಿದರು. ಇಂದೊ, ಅಂದರೆ ಭಾರತ ಅಂದೆ. ಒಣಗಿಸಿದ ಸ್ಕ್ವಿಡ್ ಮೀನಿನ ಪೊಟ್ಟಣವನ್ನು ನನ್ನ ಕಡೆ ಚಾಚಿದರು.

ಆ ಕಡೆಯ ಸ್ಟ್ಯಾಂಡ್‌ನಲ್ಲಿ ಸಮವಸ್ತ್ರದಲ್ಲಿ ಕೂತಿರುವ ಹುಡುಗರನ್ನು ನೋಡಿ. ಅವರು ಮೆರೀನ್ ಯೋಧರು. ಕೊರಿಯಾದ ಮೆರೀನ್ ಪಡೆಯ ಒಂದನೇ ಡಿವಿಷನ್ ಇರುವುದು ಇದೇ ಊರಿನಲ್ಲಿ. ಗುಂಪಾಗಿ ಬಂದು, ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಅವರನ್ನು ನೋಡುವಾಗ ನನಗೆ 2013 ನೆನಪಾಗುತ್ತದೆ.

ಆ ವರ್ಷ ಪೊಹಾಂಗ್ ಕೈಯಲ್ಲಿ ದುಡ್ಡು ಕಡಿಮೆ. ಕೋಚ್ ಹ್ವಾಂಗ್ ಸನ್-ಹಾಂಗ್, ಆಗಲೇ ಹೇಳಿದೆನಲ್ಲ, ಅವರೇ. ಇಡೀ ಸೀಸನ್ ಒಬ್ಬ ವಿದೇಶಿ ಆಟಗಾರನೂ ಇಲ್ಲದೆ ಆಡಿದರು. ಉಳಿದ ದೊಡ್ಡ ಕ್ಲಬ್‌ಗಳಲ್ಲಿ ಹಲವು ಗೋಲಿಗಾಗಿ ವಿದೇಶಿ ಸ್ಟ್ರೈಕರ್‌ಗಳನ್ನು ನೆಚ್ಚಿಕೊಂಡಿದ್ದ ಕಾಲ ಅದು. ಹಿಂದೆ ಕೊರಿಯಾದ ಬಾಗಿಲನ್ನು ವಿದೇಶಿಯರಿಗೆ ಮುಚ್ಚಿದ ದೆವೊನ್‌ಗುನ್ ಅನ್ನುವ ರಾಜಪ್ರತಿನಿಧಿ ಇದ್ದರು. ಜನ ಪ್ರೀತಿಯಿಂದ ಹ್ವಾಂಗ್ ಅವರಿಗೆ ಹ್ವಾಂಗ್‌ಸನ್ ದೆವೊನ್‌ಗುನ್ ಅಂತ ಹೆಸರಿಟ್ಟರು.

ಹಾಗಾದರೆ ಆಡಿದ್ದು ಯಾರು? ಊರಿನ ಶಾಲೆಯ ಹುಡುಗರು. ಪೊಹಾಂಗ್ ಜೆಚೊಲ್ ಅನ್ನುವ ಶಾಲೆಗಳು ಇಲ್ಲಿವೆ. ಜೆಚೊಲ್ ಅಂದರೆ ಉಕ್ಕು ತಯಾರಿಕೆ. ಕ್ಲಬ್‌ನ ಎಳೆಯ ಆಟಗಾರರು ಅಲ್ಲೇ ಓದುತ್ತಾ ಬೆಳೆಯುತ್ತಾರೆ. ಈ ಸಾಲಿನಿಂದ ಬಂದ ಲೀ ಮ್ಯುಂಗ್-ಜು ಆ ತಂಡದ ಮಧ್ಯಭಾಗ ಹಿಡಿದರು. ಈಗ ಯುರೋಪಿನಲ್ಲಿ ಹೆಸರು ಮಾಡಿರುವ ಹ್ವಾಂಗ್ ಹೀ-ಚಾನ್ ಕೂಡ ಅಲ್ಲೇ ಓದಿದವರು. ಒಟ್ಟಿಗೆ ಬೆಳೆದ ಹುಡುಗರಿಗೆ ಯಾರು ಎಲ್ಲಿ ಓಡುತ್ತಾರೆ ಅಂತ ನೋಡದೆಯೇ ಗೊತ್ತಿರುತ್ತದೆ. ಸಣ್ಣ ಸಣ್ಣ ಪಾಸ್, ಚೆಂಡು ನಿಲ್ಲುವುದೇ ಇಲ್ಲ. ಆ ಆಟಕ್ಕೆ ಸ್ಟೀಲ್‌ಟಾಕಾ ಅಂತ ಹೆಸರು ಬಿತ್ತು. ನನ್ನ ಪ್ರಕಾರ ಮೂರು ಏಷ್ಯಾ ಕಪ್‌ಗಳಿಗಿಂತ ಈ ತಂಡವೇ ಪೊಹಾಂಗ್‌ನ ದೊಡ್ಡ ಸಾಧನೆ.

ಅಕ್ಟೋಬರ್‌ನಲ್ಲಿ ಎಫ್‌ಎ ಕಪ್ ಗೆದ್ದರು. ಇದು ಲೀಗ್‌ನಿಂದ ಬೇರೆಯಾದ, ಸೋತವರು ಹೊರಗೆ ಹೋಗುವ ಕಪ್ ಟೂರ್ನಿ. ಡಿಸೆಂಬರ್ 1ಕ್ಕೆ ಲೀಗ್‌ನ ಕೊನೆಯ ದಿನ. ಎದುರಾಳಿ ಉಲ್ಸಾನ್, ಅದೂ ಅವರದೇ ಊರಿನಲ್ಲಿ. ಉಲ್ಸಾನ್ ಇದೇ ಕರಾವಳಿಯಲ್ಲಿ ದಕ್ಷಿಣಕ್ಕಿರುವ ಹ್ಯುಂಡೈ ಊರು, ಹಡಗು ಮತ್ತು ಕಾರುಗಳ ಊರು. ಇಲ್ಲಿ ಉಕ್ಕು, ಅಲ್ಲಿ ಹಡಗು. ಈ ಇಬ್ಬರ ಆಟಕ್ಕೆ ಪೂರ್ವ ಕರಾವಳಿ ಡರ್ಬಿ ಅಂತ ಹೆಸರು. ಉಲ್ಸಾನ್ ಎರಡು ಪಾಯಿಂಟ್ ಮುಂದಿತ್ತು. ಅವರಿಗೆ ಡ್ರಾ ಸಾಕು. 90 ನಿಮಿಷ ಮುಗಿದರೂ 0-0. ಹೆಚ್ಚುವರಿ ನಿಮಿಷಗಳೂ ಕರಗುತ್ತಿವೆ. 95ನೇ ನಿಮಿಷಕ್ಕೆ ಪೊಹಾಂಗ್‌ಗೆ ಒಂದು ಫ್ರೀ ಕಿಕ್. ಚೆಂಡು ಗೋಲಿನ ಮುಂದೆ ಬಿತ್ತು. ಕಾಲು, ಮೊಣಕಾಲು, ಕೈ, ಎಲ್ಲ ಒಂದರ ಮೇಲೊಂದು. ಆ ಗಲಾಟೆಯ ನಡುವಿನಿಂದ ಒಬ್ಬ ಡಿಫೆಂಡರ್ ಚೆಂಡನ್ನು ಒಳಗೆ ಒದ್ದರು.

ಅವರ ಹೆಸರು ಕಿಮ್ ವೊನ್-ಇಲ್. ಕಾಲೇಜಿನ ದಿನಗಳಲ್ಲಿ ಫುಟ್‌ಬಾಲ್ ಬಿಟ್ಟು ಮೆರೀನ್ ಪಡೆ ಸೇರಿ, ಅಲ್ಲಿಂದ ಮತ್ತೆ ಮೈದಾನಕ್ಕೆ ಬಂದವರು. ಆ ಒಂದು ಒದೆತಕ್ಕೆ ಲೀಗ್ ಪೊಹಾಂಗ್ ಪಾಲಾಯಿತು. ಒಂದೇ ವರ್ಷ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದ ಮೊದಲ ಕೊರಿಯನ್ ಕ್ಲಬ್. ಆ ಗೋಲಿನ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಸರಿಯಾಗಿ ಆರು ವರ್ಷ ಬಿಟ್ಟು, 2019ರ ಡಿಸೆಂಬರ್ 1. ಮತ್ತೆ ಉಲ್ಸಾನ್, ಮತ್ತೆ ಕೊನೆಯ ದಿನ, ಮತ್ತೆ ಅವರಿಗೆ ಡ್ರಾ ಸಾಕು. ಪೊಹಾಂಗ್ 4-1ರಲ್ಲಿ ಗೆದ್ದಿತು. ಉಲ್ಸಾನ್ ಮತ್ತು ಎರಡನೇ ಸ್ಥಾನದಲ್ಲಿದ್ದ ಜೊನ್‌ಬುಕ್ ತಂಡದ ಪಾಯಿಂಟ್ ಸಮ ಆಗಿ, ಒಂದೇ ಒಂದು ಗೋಲು ಜಾಸ್ತಿ ಹೊಡೆದಿದ್ದ ಜೊನ್‌ಬುಕ್ ಚಾಂಪಿಯನ್ ಆಯಿತು. 2013ರಲ್ಲೂ 2019ರಲ್ಲೂ ಉಲ್ಸಾನ್ ಗೋಲಿನಲ್ಲಿ ನಿಂತಿದ್ದವರು ಒಬ್ಬರೇ, ಕಿಮ್ ಸುಂಗ್-ಗ್ಯು. ನಾನು ಪೊಹಾಂಗ್ ಕಡೆಯವನೇ. ಆದರೂ ಅವರನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ.

2022ರ ಸೆಪ್ಟೆಂಬರ್ 6ರಂದು ಹಿನ್ನಮ್ನೊರ್ ಚಂಡಮಾರುತ ಬಂತು. ಪಕ್ಕದ ತೊರೆ ಉಕ್ಕಿ ಕಾರ್ಖಾನೆಗೆ ನುಗ್ಗಿತು. 1973ರಲ್ಲಿ ಬೆಂಕಿ ಹೊತ್ತಿಸಿದ ಮೇಲೆ ಮೊದಲ ಸಲ ಎಲ್ಲ ಕುಲುಮೆಗಳೂ ಒಟ್ಟಿಗೆ ನಿಂತವು. ಕಬ್ಬಿಣದ ಊರಿನವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಕಾರ್ಖಾನೆ ಪೂರ್ತಿ ಮೊದಲಿನಂತೆ ಆಗಲು 135 ದಿನ ಹಿಡಿಯಿತು. ತಂಡ ಆ ವರ್ಷ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಮರುವರ್ಷ ನವೆಂಬರ್ 4ರಂದು ಇದೇ ಮೈದಾನದಲ್ಲಿ ಎಫ್‌ಎ ಕಪ್ ಫೈನಲ್. ಜೊನ್‌ಬುಕ್ ಎದುರು ಎರಡು ಸಲ ಹಿಂದೆ ಬಿದ್ದು, ಎರಡು ಸಲವೂ ಎದ್ದು, 4-2ರಲ್ಲಿ ಗೆದ್ದರು. 2024ರಲ್ಲಿ ಮತ್ತೆ ಕಪ್, ಫೈನಲ್‌ನಲ್ಲಿ ಮತ್ತೆ ಉಲ್ಸಾನ್, ಹೆಚ್ಚುವರಿ ಸಮಯದಲ್ಲಿ 3-1. ಅದು ಆರನೆಯದು. ಆ ದಿನಕ್ಕೆ ಕೊರಿಯಾದಲ್ಲಿ ಬೇರೆ ಯಾರೂ ಅಷ್ಟು ಸಲ ಗೆದ್ದಿರಲಿಲ್ಲ.

ಹಾಫ್ ಟೈಮ್‌ನಲ್ಲಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮೈದಾನ ತೋರಿಸಿದೆ, ಜನ ತೋರಿಸಿದೆ.

"ಅದೆಲ್ಲಾ ಇರಲಿ ಮಗಾ. ಆ ಚಿಮಣಿ ಕಡೆ ತಿರುಗಿಸು. ಹೊಗೆ ಬರ್ತಿದೆಯಾ?"

"ಬರ್ತಿದೆ ಅಪ್ಪಾ."

"ಸರಿ ಹಾಗಾದ್ರೆ. ಈಗ ಸ್ಕೋರ್ ಹೇಳು."

ಈಗ 90 ನಿಮಿಷ ಮುಗಿಯಿತು. ನಾಲ್ಕು ನಿಮಿಷ ಹೆಚ್ಚುವರಿ ಅಂತ ಬೋರ್ಡ್ ಎತ್ತಿದ್ದಾರೆ. ಬೇರೆ ಊರಿನ ಸ್ಟೇಡಿಯಂಗಳಲ್ಲಿ ಈ ಹೊತ್ತಿಗೆ ಬಸ್ ಹಿಡಿಯಲು ಜನ ಮೆಟ್ಟಿಲು ಇಳಿಯುವುದನ್ನು ನೋಡಿದ್ದೇನೆ. ನಿಧಾನಕ್ಕೆ ಕ್ಯಾಮೆರಾ ಸುತ್ತ ತಿರುಗಿಸುತ್ತೇನೆ, ನೀವೇ ನೋಡಿ. ಮೆರೀನ್ ಹುಡುಗರು ನಿಂತಿದ್ದಾರೆ. ಅಜ್ಜ ಸ್ಕಾರ್ಫ್‌ನ ಎರಡೂ ತುದಿ ಬಿಗಿಯಾಗಿ ಹಿಡಿದಿದ್ದಾರೆ. ಮೆಟ್ಟಿಲುಗಳು ಖಾಲಿ.