ಲೇಬಲ್ ಓದೋಣ, ವಚನವನ್ನೂ ಪೂರ್ತಿ ಓದೋಣ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ. ಮನೆಯಲ್ಲಿ ಕೆಮಿಕಲ್ ಬೇಡ, ಮೈಗೆ ಹಚ್ಚುವುದೆಲ್ಲ ನೈಸರ್ಗಿಕವೇ ಆಗಿರಬೇಕು ಅನ್ನುವ ಮಾತು ವಿಶ್ವಾಸಿಗಳ ನಡುವೆ ಈಗ ಜಾಸ್ತಿ ಕೇಳಿಬರುತ್ತಿದೆ. ಅದರ ಬೆನ್ನಿಗೇ ಒಂದು ವಚನವೂ ಬರುತ್ತದೆ. ನಿಮ್ಮ ದೇಹ ಪವಿತ್ರಾತ್ಮನ ಆಲಯ, ಬೈಬಲ್‌ನ 1 ಕೊರಿಂಥ 6:19.

ನನಗೂ ಪ್ರಿಯವಾದ ವಚನ. ಆದರೆ ಹಿಂದಿನ ಸಾಲುಗಳನ್ನು ಓದಿ. ಆ ಪತ್ರ ಬರೆದ ಪೌಲ ಅಲ್ಲಿ ಎಚ್ಚರಿಸುತ್ತಿರುವುದು ಜಾರತ್ವದ ಬಗ್ಗೆ, ಸೋಪಿನ ಬಗ್ಗೆ ಅಲ್ಲ. ದೇಹ ದೇವರದ್ದು ಅಂದಮೇಲೆ ಅದನ್ನು ಚೆನ್ನಾಗಿ ನೋಡಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಈ ಎಣ್ಣೆ ಕೊಳ್ಳದಿದ್ದರೆ ನಿಮ್ಮ ಭಕ್ತಿಯೇ ಕಡಿಮೆ ಅನ್ನೋ ಹಾಗೆ ಅದೇ ವಚನ ಹಿಡಿದು ವ್ಯಾಪಾರ ಮಾಡಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಶುಚಿತ್ವ ದೈವಭಕ್ತಿಗೆ ಸಮೀಪ ಅನ್ನುವ ಮಾತು ಬೈಬಲ್‌ನಲ್ಲಿ ಇಲ್ಲವೇ ಇಲ್ಲ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತಮ್ಮ ಪ್ರಸಂಗದಲ್ಲಿ ಅದನ್ನು ಬಳಸಿದ್ದರು. ಅದೇ ವೆಸ್ಲಿ 1747ರಲ್ಲಿ ಮನೆಮದ್ದಿನ ಪುಸ್ತಕವನ್ನೂ ತಂದರು. ಯಾರಿಗಾಗಿ? ವೈದ್ಯರಿಗೆ ದುಡ್ಡು ಕೊಡಲಾಗದ ಬಡವರಿಗಾಗಿ. ಇವತ್ತಿನ ಕೆಮಿಕಲ್ ಇಲ್ಲದ ಶುದ್ಧ ಜೀವನ ದುಡ್ಡಿದ್ದವರ ಗುರುತಾಗಿಬಿಟ್ಟಿದೆ, ಅಲ್ವಾ?

ನೈಸರ್ಗಿಕ ಅಂದರೆ ಸುರಕ್ಷಿತ ಅಂತಲೂ ಅಲ್ಲ. ನೀಲಗಿರಿ ಎಣ್ಣೆ ಮರದಿಂದಲೇ ಬರುತ್ತದೆ. ಚಿಕ್ಕ ಮಗು ಒಂದು ಚಮಚದಷ್ಟು ಕುಡಿದುಬಿಟ್ಟರೆ ಫಿಟ್ಸ್ ಬರಬಹುದು. ವಿನೆಗರ್ ಕೂಡ ನೈಸರ್ಗಿಕವೇ. ಅದನ್ನು ಬ್ಲೀಚ್‌ಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್‌ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೂ ಅದೇ ಅನಿಲ. ಕಣ್ಣು ಉರಿಯುತ್ತದೆ, ಕೆಮ್ಮು ಹಿಡಿಯುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ. ದಯವಿಟ್ಟು ಎರಡನ್ನು ಬೆರೆಸಬೇಡಿ. ಕೈ ತೊಳೆಯುವುದಕ್ಕಂತೂ ಸಾದಾ ಸೋಪು, ನೀರು, 20 ಸೆಕೆಂಡ್ ಸಾಕು.

ನನ್ನನ್ನು ತುಂಬಾ ನೋಯಿಸುವುದು ಇನ್ನೊಂದು. ಕ್ಯಾನ್ಸರ್ ಬಂದವರ ಹತ್ತಿರ ಕೂತು, ನೀವು ಏನು ತಿನ್ನುತ್ತಿದ್ದಿರಿ, ಯಾವ ಶ್ಯಾಂಪೂ ಹಾಕುತ್ತಿದ್ದಿರಿ ಅಂತ ವಿಚಾರಣೆ ಮಾಡುವುದು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರು ಹುಟ್ಟುಕುರುಡನನ್ನು ನೋಡಿ ಕೇಳಿದ್ದೂ ಇಂಥದ್ದೇ. ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸು. ಹಾಗಿರುವಾಗ ಆ ಪ್ರಶ್ನೆಯನ್ನು ನಾವು ಮತ್ತೆ ಕೇಳುವುದು ಯಾಕೆ? ಕಾಯಿಲೆಯವರಿಗೆ ಊಟ ಕೊಡಿ, ಆಸ್ಪತ್ರೆಗೆ ಜೊತೆಗೆ ಹೋಗಿ, ಪ್ರಾರ್ಥನೆ ಮಾಡಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಿ ಅಂತ ಮಾತ್ರ ಯಾವತ್ತೂ ಹೇಳಬೇಡಿ.

ಇನ್ನು, ಆ ಶುಚಿಯಾದ ಮನೆಯನ್ನು ಉಜ್ಜುವವರು ಯಾರು? ಸುಮಾರು ಮನೆಗಳಲ್ಲಿ ಅಮ್ಮ ಒಬ್ಬರೇ, ಇಲ್ಲವೇ ಕೂಲಿಗೆ ಬರುವ ಒಬ್ಬ ಹೆಂಗಸು. ನಮ್ಮ ಚರ್ಮದ ಬಗ್ಗೆ ಇಷ್ಟು ಯೋಚಿಸುವ ನಾವು ಅವರ ಶ್ವಾಸಕೋಶದ ಬಗ್ಗೆಯೂ ಯೋಚಿಸಬೇಕು. ಅವರ ದೇಹವನ್ನೂ ದೇವರೇ ಮಾಡಿದ್ದು. ಕೈಗೆ ಗ್ಲೌಸ್ ಕೊಡಿ. ಆಸಿಡ್ ನಿಲ್ಲಿಸಿ. ಅವರು ಬಾತ್‌ರೂಮಿಗೆ ಹೋಗುವ ಮೊದಲು ನೀವೇ ಎದ್ದು ಕಿಟಕಿ ತೆರೆಯಿರಿ.